ಎಡಗೈ ಸುತ್ತಿದ ದೋಸೆ

ಪೂವಪ್ಪ ಹೋಟೆಲಿನ ಗಾಜಿನ ಬಾಗಿಲೆದುರು ಬಂದು ನಿಂತ. ನಿಂತವನು ನಿಂತೇ ಇದ್ದ. ಒಳಗೆ ಹೋಗುವವರು ಅವನನ್ನು ಬಳಸಿಕೊಂಡು ಹೋದರು, ಹೊರಗೆ ಬರುವವರು "ಜರಾ ಬಾಜೂ" ಎಂದು ಗೊಣಗುತ್ತಾ ಬಂದರು. ಬಾಗಿಲಿಗೊಂದು ಹಿಡಿಕೆಯಿದೆ, ತಳ್ಳಿದರೆ ತೆರೆಯುತ್ತದೆ ಎನ್ನುವುದು ಅವನಿಗೆ ಗೊತ್ತಿಲ್ಲವೆಂದಲ್ಲ. ಹದಿನಾಲ್ಕು ವರ್ಷ ಅವನು ತಾನಾಗಿ ಒಂದು ಬಾಗಿಲನ್ನೂ ತೆರೆದವನಲ್ಲ. ಜೈಲಿನಲ್ಲಿ ಬಾಗಿಲು ತೆರೆಯುವುದು ಬೇರೆಯವರ ಕೆಲಸ, ಕೈದಿಯದ್ದು ಅದರೆದುರು ನಿಲ್ಲುವ ಕೆಲಸ. ಬಿಡುಗಡೆಯಾಗಿ ಹದಿನೇಳು ದಿನವಾಗಿತ್ತು, ಆದರೆ ಅವನ ಕಾಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಒಳಗೆ ಹೋಗಿ ಮಾರಾಯ್ರೆ, ಎಂತ ನೋಡ್ತೀರಿ?" ಹಿಂದಿನಿಂದ ಹೆಂಡತಿ ಸೇವಂತಿ ಹೇಳಿದಳು.

"ನೀನು?"

"ನಾನು ಇಲ್ಲೇ ಇರ್ತೇನೆ. ನೀವು ಹೋಗಿ."

ಬಾಗಿಲ ಪಕ್ಕದಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಸ್ಟೂಲ್ ಇತ್ತು. ತನ್ನದೇ ಮನೆಯ ಜಗಲಿಯೋ ಎನ್ನುವಂತೆ ಅವಳು ಅದರ ಮೇಲೆ ಕುಳಿತು ಸೆರಗು ಸರಿಮಾಡಿಕೊಂಡಳು. ಭಾಂಡುಪಿನಿಂದ ವಿಲೆ ಪಾರ್ಲೆಯವರೆಗೆ ಜೊತೆಗೆ ಬಂದವಳು ಹೊಸ್ತಿಲಲ್ಲಿ ಯಾಕೆ ಕುಳಿತಳೋ ಪೂವಪ್ಪನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಒಳಗಿದ್ದ ವೇಟರ್ ಒಬ್ಬ ನೋಡಿ ಬಾಗಿಲು ತೆರೆದ. ಪೂವಪ್ಪ ತಲೆ ತಗ್ಗಿಸಿ ಒಳಗೆ ಹೋದ.

ಅವತ್ತು ಗುರುವಾರ. ಹತ್ತೂವರೆಗೆ ಒಬ್ಬಳು ಹುಡುಗಿ ಬರುವವಳಿದ್ದಳು. ಹೆಸರು ರೂಪಾಲಿ, ಹತ್ತೊಂಬತ್ತು ವರ್ಷ, ಪಾರ್ಲೆಯ ಕಾಲೇಜಿನವಳು. ಅವಳು ತಂದುಕೊಟ್ಟ ಒಂದು ಫೋಟೋದ ಬಲದಿಂದ ಹೈಕೋರ್ಟು ಪೂವಪ್ಪನನ್ನು ನಿರಪರಾಧಿ ಎಂದು ಬಿಟ್ಟಿತ್ತು. ಆ ಫೋಟೋವನ್ನು ಅವನು ನೋಡಿರಲಿಲ್ಲ, ಆ ಹುಡುಗಿಯನ್ನೂ ನೋಡಿರಲಿಲ್ಲ. "ಹೇಗೆ ಸಿಕ್ಕಿತು ಅವಳಿಗೆ ನನ್ನ ಫೋಟೋ?" ಎಂದು ಕೇಳಿದರೆ ಸೇವಂತಿ, "ಅದು ಅವಳು ಹೇಳುವ ಕಥೆ. ಅವಳ ಬಾಯಿಂದಲೇ ಕೇಳಿ" ಎಂದು ಬಾಯಿಗೆ ಬೀಗ ಹಾಕಿದ್ದಳು. ನಿನಗೆ ಏನು ಕೊಡಲಿ ಮಗಾ ಎಂದು ಅವಳು ರೂಪಾಲಿಯನ್ನು ಕೇಳಿದ್ದಳಂತೆ. ಆ ಹುಡುಗಿ ಸೀರೆ ಕೇಳಲಿಲ್ಲ, ಸಿಹಿ ಕೇಳಲಿಲ್ಲ. "ಅದೇ ಹೋಟೆಲಿನಲ್ಲಿ ಕಾಕಾನ ಕೈಯ ಒಂದು ದೋಸೆ" ಎಂದಿದ್ದಳು.

ಹೋಟೆಲಿನ ಈಗಿನ ಧಣಿ ಸುಕೇಶ್, ಪೂವಪ್ಪ ಇಲ್ಲಿ ಕೆಲಸಕ್ಕಿದ್ದ ಕಾಲದ ಧಣಿ ಅಣ್ಣು ಶೆಟ್ಟರ ಮಗ, ಅದಕ್ಕೆ ಇನ್ನೊಂದು ಮಾತು ಸೇರಿಸಿದ್ದ. "ದೋಸೆ ಬಂದ್ರೆ ತವಾ ನಿಮ್ದೇ ಪೂವಪ್ಪಣ್ಣ. ಪರ್ಮನೆಂಟ್."

ಬಾರದಿದ್ದರೆ? ಅದನ್ನು ಸುಕೇಶ್ ಹೇಳಲಿಲ್ಲ, ಪೂವಪ್ಪ ಕೇಳಲಿಲ್ಲ. ಈ ಹದಿನೇಳು ದಿನದಲ್ಲಿ ಅವನು ಬೇರೆ ನಾಲ್ಕು ಹೋಟೆಲುಗಳ ಮೆಟ್ಟಿಲು ಹತ್ತಿ ಇಳಿದಿದ್ದ. ಎಲ್ಲರೂ ಹೆಸರು ಕೇಳುತ್ತಾರೆ, ಮೊಬೈಲಿನಲ್ಲಿ ಹಾಕಿ ನೋಡುತ್ತಾರೆ, ಮುಖ ಸಣ್ಣದು ಮಾಡಿಕೊಂಡು "ಹೇಳಿ ಕಳಿಸ್ತೇವೆ" ಎನ್ನುತ್ತಾರೆ. ಕೊಲೆಗಾರ ಎಂದು ಬರೆದವರು ದೊಡ್ಡಕ್ಷರದಲ್ಲಿ ಬರೆದಿದ್ದರು. ಅಲ್ಲವಂತೆ ಎಂದು ಬರೆಯುವಾಗ ಮಾತ್ರ ಈ ಪೇಪರಿನವರ ಶಾಯಿ ಒಣಗಿಹೋಗುತ್ತದೆ. ನಲವತ್ತಮೂರು ವರ್ಷದ ಗಂಡಸು, ಕೈಯಲ್ಲಿದ್ದ ವಿದ್ಯೆ ದೋಸೆಯೊಂದೇ. ಈ ತವಾ ಸಿಗದಿದ್ದರೆ ಅವನಿಗೆ ಮುಂಬಯಿಯಲ್ಲಿ ಇನ್ನೊಂದು ತವಾ ಇರಲಿಲ್ಲ.

ಬರುವಾಗ ಅವರು ಘಾಟ್ಕೋಪರಿನಿಂದ ಅಂಧೇರಿಗೆ ಮೆಟ್ರೋದಲ್ಲಿ ಬಂದಿದ್ದರು. ಅವನು ಜೈಲಿಗೆ ಹೋಗುವಾಗ ಆ ಗಾಡಿ ಇರಲೇ ಇಲ್ಲ. ಬಿಲ್ಡಿಂಗುಗಳ ನಾಲ್ಕನೆಯ ಮಹಡಿಯ ಎತ್ತರದಲ್ಲಿ, ಜನರ ಒಣಹಾಕಿದ ಬಟ್ಟೆಗಳ ಪಕ್ಕದಲ್ಲಿ, ತುಂಬಿದ ಗಾಡಿಯೊಂದು ಸದ್ದಿಲ್ಲದೆ ಸರಿಯುತ್ತಿತ್ತು. ಕೆಳಗೆ ರಿಕ್ಷಾಗಳು ಬೆಂಕಿಪೊಟ್ಟಣದಷ್ಟಾಗಿ ಕಾಣುತ್ತಿದ್ದವು. "ದೇವರೇ, ಇಷ್ಟೆಲ್ಲ ಯಾರು ಕಟ್ಟಿದರು?" ಎಂದು ಅವನು ಬಾಯಿಬಿಟ್ಟು ಕೇಳಿದ್ದ. ಬಾಗಿಲುಗಳು ತಾವಾಗಿ ತೆರೆಯುವುದನ್ನು ನೋಡಿ ಅವನಿಗೆ ಅಳು ಬರುವಷ್ಟು ಸಮಾಧಾನವಾಗಿತ್ತು.

ಈಗ ಅಡುಗೆಮನೆಯಲ್ಲಿ ತವಾ ಕಾದಿತ್ತು. ಪೂವಪ್ಪ ಏಪ್ರನ್ ಕಟ್ಟಿಕೊಂಡು ನೀರು ಚಿಮುಕಿಸಿದ, ಶುಭ್ರವಾದ ಹಿಡಿಸೂಡಿಯಿಂದ ಗುಡಿಸಿದ, ಸೌಟಿನಲ್ಲಿ ಹಿಟ್ಟು ತೆಗೆದು ಬಲಗೈಯಿಂದ ಸುತ್ತಿದ. ಮಧ್ಯದಲ್ಲಿ ಹರಿಯಿತು. ಎರಡನೆಯದು ಒಂದು ಬದಿ ದಪ್ಪವಾಗಿ ಇನ್ನೊಂದು ಬದಿ ಕರಟಿತು. ಮೂರನೆಯದನ್ನು ದೋಸೆ ಎನ್ನಲು ದೋಸೆಗೇ ನಾಚಿಕೆಯಾಗಬೇಕು.

"ಇರ್ಲಿ ಪೂವಪ್ಪಣ್ಣ, ಎಲ್ಲರ ಮನೆ ದೋಸೆಯೂ ತೂತೇ" ಎಂದು ಸುಕೇಶ್ ನಕ್ಕ. ಪೂವಪ್ಪನಿಗೆ ನಗು ಬರಲಿಲ್ಲ. ಗಡಿಯಾರದಲ್ಲಿ ಹತ್ತು ಗಂಟೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಪೂವಪ್ಪ ಹುಟ್ಟು ಎಡಗೈಯವ. ಸಣ್ಣವನಿದ್ದಾಗ ಉಡುಪಿಯ ಕಡೆಯ ಅವನ ಮನೆಯಲ್ಲಿ ಸೋದರತ್ತೆ ಆ ಕೈಯನ್ನು ಚಿಂದಿಬಟ್ಟೆಯಿಂದ ಸೊಂಟಕ್ಕೆ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದಳು. ಉಣ್ಣುವುದು, ಬರೆಯುವುದು ಬಲಗೈಗೆ ಬಂತು. ಆದರೆ ಸೌಟು ಮಾತ್ರ ಎಡಗೈಯದ್ದೇ. ಆ ಕೈ ಹಿಟ್ಟು ಸುತ್ತಿದರೆ ದೋಸೆ ಹೂವಿನ ಹಾಗೆ ಏಳುತ್ತಿತ್ತು, ಸುತ್ತು ಮಾತ್ರ ಎಲ್ಲರದಕ್ಕಿಂತ ಉಲ್ಟಾ. ಅಣ್ಣು ಶೆಟ್ಟರು ಒಮ್ಮೆ ನೋಡಿ ಹೌಹಾರಿದ್ದರು. "ಎಡಗೈಯಲ್ಲಿ ದೋಸೆಯಾ! ಗಿರಾಕಿ ಕಂಡರೆ ಹೋಟೆಲಿಗೆ ಬೀಗ ಮಾರಾಯ!" ಎಂದು ಅವನನ್ನು ಹಿಂದೆ ಹಿಟ್ಟು ರುಬ್ಬಲು ಹಾಕಿದರು. ಈ ವಿಷಯ ಹೊರಗೆ ಬಾಯಿಬಿಡುವುದಿಲ್ಲ ಎಂದು ದೇವರ ಪಟದೆದುರು ಅವನಿಂದ ಆಣೆ ಮಾಡಿಸಿಕೊಂಡರು.

ಎರಡು ಸಾವಿರದ ಒಂಬತ್ತು, ಫೆಬ್ರವರಿ ಹನ್ನೆರಡು, ಗುರುವಾರ. ಪೂವಪ್ಪನಿಗೆ ವಾರದ ರಜೆ. ತವಾದ ಮುಂದೆ ದೋಸೆ ಮಾಡುತ್ತಿದ್ದ ಧನರಾಜ್‌ಗೆ ಡೊಂಬಿವಲಿಯಲ್ಲಿ ಹೆಣ್ಣು ನೋಡುವುದಿತ್ತು, ಧಣಿ ರಜೆ ಕೊಟ್ಟಿರಲಿಲ್ಲ. ಅವನು ಮಸ್ಟರು ಎನ್ನುವ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಹಿಂಬಾಗಿಲಿನಿಂದ ಹೊರಟ, ಪೂವಪ್ಪ ಹಿಂಬಾಗಿಲಿನಿಂದ ಒಳಗೆ ಬಂದ. ಹೋಟೆಲಿನವರಲ್ಲಿ ಇದು ಹೊಸತಲ್ಲ. ಇದಕ್ಕೆ ಬದಲಿ ಎನ್ನುತ್ತಾರೆ. ಹೆಸರು ಒಬ್ಬನದು, ಬೆವರು ಇನ್ನೊಬ್ಬನದು. ಇವತ್ತು ನಾನು ನಿನಗೆ, ನಾಳೆ ನೀನು ನನಗೆ. ಆಗ ಕೈ ತೊಳೆಯುವ ಕಡೆಯ ಒಂದು ಕಿಂಡಿ ಬಿಟ್ಟರೆ ಅಡುಗೆಮನೆ ಒಳಗಡೆ ಮುಚ್ಚಿಕೊಂಡಿತ್ತು, ಹಣದ ಗಲ್ಲೆಯಲ್ಲಿ ಕೂತ ಶೆಟ್ಟರಿಗೆ ತವಾ ಕಾಣುತ್ತಿರಲಿಲ್ಲ.

ಅದೇ ಸಂಜೆ ಎಂಟರ ಹೊತ್ತಿಗೆ ಭಾಂಡುಪಿನ ಅವನ ಚಾಳಿನಲ್ಲಿ, ಎರಡು ಖೋಲಿ ಆಚೆ, ಒಬ್ಬರು ಮುದುಕರನ್ನು ಯಾರೋ ಕೊಂದುಹೋದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆದರೆ ಅವತ್ತು ಬೆಳಿಗ್ಗೆ ನಳದ ನೀರಿನ ಸರದಿಗಾಗಿ ಆ ಮುದುಕರ ಜೊತೆ ಪೂವಪ್ಪ ಜಗಳವಾಡಿ, "ನಿಮ್ಮನ್ನು ಒಂದು ಕೈ ನೋಡ್ಕೊಳ್ತೇನೆ" ಎಂದು ಕೂಗಿದ್ದನ್ನು ಇಡೀ ಚಾಳು ಕೇಳಿತ್ತು. ಪೊಲೀಸರಿಗೆ ಇನ್ನೇನು ಬೇಕು? ತಾನು ಹೋಟೆಲಿನಲ್ಲಿದ್ದೆ ಎಂದು ಅವನು ಬಡಬಡಿಸಿದ. ಮಸ್ಟರು ಅಲ್ಲ ಎಂದಿತು. ಶೆಟ್ಟರು ಮಸ್ಟರು ಹೇಳಿದ್ದನ್ನೇ ಹೇಳಿದರು. ಧನರಾಜ್ ಕೆಲಸ ಹೋದೀತೆಂದು ಹೆದರಿ, ತವಾದ ಮುಂದೆ ನಾನೇ ಇದ್ದೆ ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿದ. ಅಡುಗೆಮನೆಯ ಉಳಿದ ಇಬ್ಬರು ಪೊಲೀಸರ ಹೆಸರು ಕೇಳಿದ ಕೂಡಲೇ ಊರಿನ ಬಸ್ಸು ಹತ್ತಿದ್ದರು. ಸೇವಂತಿಯ ಮಾತನ್ನು ಹೆಂಡತಿಯ ಮಾತು ಎಂದು ಬದಿಗಿಟ್ಟರು. ಮದುವೆಯಾಗಿ ಒಂದೇ ವರ್ಷವಾಗಿತ್ತು ಅವರಿಗೆ. ಮಕ್ಕಳಾಗುವ ವಯಸ್ಸೆಲ್ಲ ಸರಳುಗಳ ಎರಡು ಬದಿಯಲ್ಲಿ ಕಳೆದುಹೋಯಿತು.

ಜೈಲಿನಲ್ಲಿ ಕೂತು ಪೂವಪ್ಪ ಒಂದು ತೀರ್ಮಾನಕ್ಕೆ ಬಂದಿದ್ದ. ತಪ್ಪು ಈ ಎಡಗೈಯದ್ದು. ಇದು ಸರಿ ಇದ್ದಿದ್ದರೆ ತಾನು ತನ್ನ ಹೆಸರಿನಲ್ಲೇ ತವಾದ ಮುಂದೆ ನಿಲ್ಲುತ್ತಿದ್ದೆ, ಮಸ್ಟರಿನಲ್ಲಿ ತನ್ನದೇ ಸಹಿ ಇರುತ್ತಿತ್ತು. ಹದಿನಾಲ್ಕು ವರ್ಷ ಅವನು ಆ ಕೈಯಿಂದ ಸೌಟು ಮುಟ್ಟಲಿಲ್ಲ. ಜೈಲಿನ ಅಡುಗೆಮನೆಯಲ್ಲಿ ಸಾವಿರಾರು ಚಪಾತಿ ಬೇಯಿಸಿದ, ಎಲ್ಲ ಬಲಗೈಯಲ್ಲೇ. ಅತ್ತೆ ಚಿಂದಿಯಿಂದ ಕಟ್ಟಿದ್ದನ್ನು ಈಗ ಚಿಂದಿಯಿಲ್ಲದೆ ಅವನೇ ಕಟ್ಟಿಕೊಂಡಿದ್ದ.

ನಾಲ್ಕನೆಯ ದೋಸೆಯೂ ಹರಿಯಿತು. ಪೂವಪ್ಪ ಸೌಟು ಕೆಳಗಿಟ್ಟ. "ಆಗುದಿಲ್ಲ ಸಣ್ಣ ಧಣಿ. ನೀವೇ ಯಾರಿಂದಲಾದರೂ ಮಾಡಿಸಿ ಕೊಡಿ ಆ ಹುಡುಗಿಗೆ. ನಾನು ಹೊರಡ್ತೇನೆ."

ಈಗಿನ ಅಡುಗೆಮನೆಗೆ ಗೋಡೆಯ ಬದಲು ಗಾಜು. ಅದರಾಚೆ ಹಾಲ್, ಹಾಲಿನಾಚೆ ಬಾಗಿಲು, ಬಾಗಿಲಿನಾಚೆ ಸ್ಟೂಲಿನ ಮೇಲೆ ಸೇವಂತಿಯ ಬೆನ್ನು. ಸುಕೇಶ್ ಅತ್ತ ಕೈ ತೋರಿಸಿದ.

"ಆ ಸ್ಟೂಲ್ ಯಾರದ್ದು ಗೊತ್ತುಂಟಾ ಪೂವಪ್ಪಣ್ಣ? ಸೇವಂತಿಯಕ್ಕನದ್ದು."

"ಅವಳದ್ದು ಅಂದ್ರೆ?"

"ನಿಮ್ಗೆ ಹೇಳ್ಲೇ ಇಲ್ವಾ ಅವ್ರು?" ಸುಕೇಶ್ ಬೆರಗಾಗಿ ನೋಡಿದ. "ಹನ್ನೊಂದು ವರ್ಷ, ಪೂವಪ್ಪಣ್ಣ. ಪ್ರತೀ ಗುರುವಾರ. ಲೋಕಲ್ ಟ್ರೈನ್ ನಿಂತಿದ್ದ ಆ ಕೊರೊನಾ ಟೈಮ್ ಬಿಟ್ರೆ ಒಂದು ಗುರುವಾರ ತಪ್ಪಿಸ್ಲಿಲ್ಲ."

ಆಮೇಲೆ ಸುಕೇಶ್ ಹೇಳಿದ್ದು ಇದು. ಗಂಡನಿಗೆ ಜೀವಾವಧಿ ಶಿಕ್ಷೆಯಾದ ಮರುವಾರವೇ ಸೇವಂತಿ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಗಂಡನ ಮದುವೆಯ ಫೋಟೋ. ಬರುವ ಹೋಗುವ ಗಿರಾಕಿಗಳನ್ನೆಲ್ಲ ತನ್ನ ಹರಕು ಮರಾಠಿಯಲ್ಲಿ, ಆ ತಾರೀಖಿನ ಸಂಜೆ ನೀವು ಇಲ್ಲಿ ತಿಂದಿದ್ದಿರಾ, ಒಳಗೆ ಇವರನ್ನು ಕಂಡಿದ್ದಿರಾ ಎಂದು ಕೇಳಿದಳು. ಅಣ್ಣು ಶೆಟ್ಟರು ಬೈದರು. ನೆಲ ತೊಳೆದ ನೀರನ್ನು ಅವಳ ಕಾಲಿಗೆ ಬೀಳುವಂತೆ ಚೆಲ್ಲಿಸಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದು, ನೀರು ಒಣಗಿದ ಮೇಲೆ ಒಂದು ಹೆಜ್ಜೆ ಮುಂದೆ ಬಂದಳು. "ಯಾಕಮ್ಮಾ ಗುರುವಾರ ಗುರುವಾರ ಬಂದು ನನ್ನ ಪ್ರಾಣ ತಿಂತೀ?" ಎಂದು ಶೆಟ್ಟರು ಕೇಳಿದ್ದಕ್ಕೆ, "ಗುರುವಾರ ಇಲ್ಲಿ ತಿಂದವರು ಇನ್ನೊಂದು ಗುರುವಾರ ಬಂದೇ ಬರ್ತಾರೆ. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ?" ಎಂದಳು. ಒಳಗೆ ಬಂದು ಒಂದು ಚಾ ಕುಡಿದು ಹೋಗು ಎಂದು ಎಷ್ಟೋ ವರ್ಷದ ಮೇಲೆ ಶೆಟ್ಟರೇ ಸೋತು ಕರೆದಾಗ, ಅವಳು ಹೊಸ್ತಿಲನ್ನೇ ನೋಡುತ್ತಾ, "ತವಾದ ಕೆಲಸಕ್ಕೆ ನನ್ನ ಗಂಡನ ಹೆಸರು ನಿಮ್ಮ ಮಸ್ಟರಿನಲ್ಲಿ ಏರಿದ ದಿನ ಒಳಗೆ ಬರ್ತೇನೆ" ಎಂದಳಂತೆ. ಶೆಟ್ಟರು ತೀರಿಹೋದ ಮೇಲೆ ಸುಕೇಶ್ ಮಾಡಿದ ಮೊದಲ ಕೆಲಸ ಆ ಸ್ಟೂಲ್ ತಂದು ಹಾಕಿದ್ದು.

ಪೂವಪ್ಪ ಗಾಜಿನಾಚೆ ನೋಡಿದ. ವರ್ಷಕ್ಕೆ ಐವತ್ತೆರಡು ಗುರುವಾರ. ಹನ್ನೊಂದು ವರ್ಷಕ್ಕೆ ಎಷ್ಟು? ಲೆಕ್ಕ ಹಾಕಲು ಹೋಗಿ ಅವನಿಗೆ ತಲೆ ತಿರುಗಿತು. ಜೈಲಿಗೆ ಮುಲಾಖಾತಿಗೆಂದು ನೋಡಲು ಬಂದಾಗ ಅವಳು ಹೇಳುತ್ತಿದ್ದುದು ಏನು? ನಳದಲ್ಲಿ ನೀರು ಬರ್ತಾ ಉಂಟು, ನಾಲ್ಕು ಮನೆಯ ಅಡುಗೆ ಹಿಡಿದಿದ್ದೇನೆ, ನಿಮ್ಮ ನೀಲಿ ಶರಟು ಒಗೆದಿಟ್ಟಿದ್ದೇನೆ. ಅಷ್ಟೇ. ಮೆಟ್ರೋ ನೋಡಿ ಬಾಯಿ ಬಿಟ್ಟಿದ್ದನಲ್ಲ, ಅಯ್ಯೋ ಹುಚ್ಚ! ಕಬ್ಬಿಣ ಸಿಮೆಂಟು ಸೇರಿಸಿ ಎತ್ತರಕ್ಕೆ ಕಟ್ಟುವುದೇನು ದೊಡ್ಡದು? ಪಕ್ಕದಲ್ಲಿ ಕೂತಿದ್ದವಳನ್ನು ನೋಡಬೇಕಿತ್ತು ಅವನು. ತನ್ನ ಹೆಂಡತಿಯನ್ನು ಕಂಡು ಅವನಿಗೆ ದೇವಸ್ಥಾನದ ಒಳಗೆ ನಿಂತಂಥ ಭಯವಾಯಿತು.

"ನನಗೆ ಯಾಕೆ ಹೇಳ್ಲಿಲ್ಲ ಅವಳು?"

"ನಾನೂ ಕೇಳಿದ್ದೆ" ಎಂದ ಸುಕೇಶ್. "ಆಸೆ ಇಟ್ಕೊಂಡು ಕಾಯ್ಲಿಕ್ಕೆ ಒಬ್ಬರು ಸಾಕು, ಅವರನ್ಯಾಕೆ ಕಾಯಿಸುದು ಅಂದ್ರು."

ಹೊರಡುವ ಮಾತು ಪೂವಪ್ಪನ ಬಾಯಲ್ಲಿ ಅಲ್ಲಿಗೇ ನಿಂತಿತು. ಆದರೆ ನಿಂತು ಮಾಡುವುದೇನು? ಬಲಗೈಗೆ ದೋಸೆ ಬರುವುದಿಲ್ಲ.

ಹತ್ತೂವರೆಗೆ ಸರಿಯಾಗಿ ರೂಪಾಲಿ ಬಂದಳು. ಬಾಗಿಲಲ್ಲಿ ಸೇವಂತಿಯನ್ನು ತಬ್ಬಿಕೊಂಡು ಏನೋ ಹೇಳಿ ನಗಿಸಿ, ನೇರವಾಗಿ ಅಡುಗೆಮನೆಗೇ ಬಂದುಬಿಟ್ಟಳು. ಬೆನ್ನಿಗೆ ಕಾಲೇಜಿನ ಬ್ಯಾಗು, ಮೂಗಿನ ತುದಿಯಲ್ಲಿ ಬೆವರು. "ಕಾಕಾ!" ಎಂದು ಬಗ್ಗಿ ಕಾಲು ಮುಟ್ಟಿದಳು. ಪೂವಪ್ಪ ಹಿಂದೆ ಸರಿದ. ಅವನ ಕಾಲನ್ನು ಯಾರಾದರೂ ಮುಟ್ಟಿ ಎಷ್ಟೋ ಕಾಲವಾಗಿತ್ತು. ಎದ್ದವಳು ಹರಿದ ದೋಸೆಗಳ ರಾಶಿಯನ್ನು ನೋಡಿದಳು, ಅವನ ಬಲಗೈಯ ಸೌಟನ್ನು ನೋಡಿದಳು, ಹುಬ್ಬು ಗಂಟಿಕ್ಕಿದಳು.

"ಕಾಕಾ, ಈ ಕೈಯಲ್ಲಿ ಯಾಕೆ? ಆ ಕೈ ಎಲ್ಲಿ?"

ಅವಳ ಮರಾಠಿ ಅವನಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಹದಿನಾಲ್ಕು ವರ್ಷ ಅದೇ ಭಾಷೆಯಲ್ಲಿ ಹಾಜರಿ ಹೇಳಿದವನು. ಆದರೂ ಕೇಳಿದ್ದನ್ನು ನಂಬಲಾಗಲಿಲ್ಲ. "ಯಾವ ಕೈ?" ಎಂದ.

ರೂಪಾಲಿ ಬ್ಯಾಗಿನಿಂದ ಒಂದು ಫೋಟೋ ತೆಗೆದು ಅವನೆದುರು ಹಿಡಿದಳು. ಮುಂದೆ ಕಾಗದದ ಕಿರೀಟ ತೊಟ್ಟ ಪುಟ್ಟ ಹುಡುಗಿ, ಎಡಗೈಯನ್ನು ಮೇಲೆತ್ತಿ ಹಲ್ಲು ಬಿಟ್ಟು ನಿಂತಿದ್ದಾಳೆ. ಹಿಂದೆ ಅಡುಗೆಮನೆಯ ಆಗಿನ ಕಿಂಡಿ. ಕಿಂಡಿಯೊಳಗೆ ಬನಿಯನ್ ಹಾಕಿದ ಒಬ್ಬ ಗಂಡಸು, ಅವನೂ ಎಡಗೈಯನ್ನು ಮೇಲೆತ್ತಿದ್ದಾನೆ, ಆ ಕೈಯಲ್ಲಿ ಸೌಟು. ಮೂಲೆಯಲ್ಲಿ ಕ್ಯಾಮೆರಾ ಬರೆದ ಕಿತ್ತಳೆ ಬಣ್ಣದ ಅಂಕಿಗಳು: ಆ ತಾರೀಖು, ಎಂಟು ಗಂಟೆ ಹದಿನಾಲ್ಕು ನಿಮಿಷ. ಆ ಗಂಡಸು ನಗುತ್ತಿದ್ದ. ತಾನು ಹಾಗೆ ನಗುತ್ತಿದ್ದೆ ಎನ್ನುವುದೇ ಪೂವಪ್ಪನಿಗೆ ಮರೆತುಹೋಗಿತ್ತು.

"ಅದು ನನ್ನ ಐದನೇ ಬರ್ತ್‌ಡೇ" ಎಂದಳು ರೂಪಾಲಿ. "ನಾನೂ ಎಡಗೈಯವಳು ಕಾಕಾ. ಅಜ್ಜಿ ನನ್ನ ಬೆರಳುಗಳನ್ನು ಕರ್ಚೀಫಿನಿಂದ ಕಟ್ಟಿಹಾಕ್ತಿದ್ದಳು. ಅವತ್ತು ಕೈ ತೊಳೆಯೋಕೆ ಬಂದವಳು ಕಿಂಡಿಯಲ್ಲಿ ಇಣುಕಿದೆ. ನೀವು ಎಡಗೈಯಲ್ಲಿ ದೋಸೆ ಸುತ್ತುತ್ತಾ ಇದ್ದಿರಿ. ಆಯೀ, ಇವರೂ ನನ್ನ ಹಾಗೆ ಅಂತ ಅಮ್ಮನಿಗೆ ಕೂಗಿಬಿಟ್ಟೆ. ಆಯಿ ಬಂದು ಫೋಟೋ ತೆಗೆದಳು. ಅಜ್ಜಿ ಓಡಿ ಬಂದು ರಾಮ ರಾಮ ಅಂದಳು. ಆದರೆ ಏನು ಮಾಡೋದು? ಆಗಲೇ ಎರಡು ದೋಸೆ ಮುಗಿಸಿದ್ದಳಲ್ಲ!" ಅವಳು ಕಿಲಕಿಲ ನಕ್ಕಳು. "ಆ ಕೈಯ ದೋಸೆ ನಿನ್ನ ಹೊಟ್ಟೆಗೆ ಆಗುತ್ತೆ, ಈ ಮಗುವಿನ ಕೈಯ ಪೆನ್ಸಿಲ್ ಆಗಲ್ವಾ ಅಂತ ಅಪ್ಪ ಅಜ್ಜಿಯನ್ನು ಕೇಳಿದ್ರು. ಅವತ್ತಿಗೆ ಮುಗೀತು. ಆಮೇಲೆ ನನ್ನ ಕೈಯನ್ನು ಯಾರೂ ಕಟ್ಟಲಿಲ್ಲ."

ಪೂವಪ್ಪ ಫೋಟೋದ ಹತ್ತಿರಕ್ಕೆ ಬಗ್ಗಿ ನೋಡಿದ.

"ಕಳೆದ ವರ್ಷ ಕಾಲೇಜಿನಿಂದ ಬರುವಾಗ ಈ ಬಾಗಿಲಲ್ಲಿ ಸೇವಂತಿ ಕಾಕೂ ನನ್ನನ್ನು ತಡೆದು ನಿಮ್ಮ ಫೋಟೋ ತೋರಿಸಿದರು. ಮುಖ ನನಗೆ ನೆನಪಿರಲಿಲ್ಲ. ತಾರೀಖು ಹೇಳಿದರು, ನನ್ನ ಬರ್ತ್‌ಡೇ! ಆಗ ಕೇಳಿದೆ, ಇವರು ಎಡಗೈಯವರಾ ಅಂತ. ಕಾಕೂ ಅಲ್ಲೇ ಫುಟ್‌ಪಾತಿನ ಮೇಲೆ ಕೂತುಬಿಟ್ಟರು."

ಕೂರದೆ ಏನು ಮಾಡಿಯಾಳು? ಹನ್ನೊಂದು ವರ್ಷದಲ್ಲಿ ಸೇವಂತಿ ಆ ಒಂದು ಮಾತನ್ನು ಯಾರಿಗೂ ಹೇಳಿರಲಿಲ್ಲ. ಗಂಡನ ಎತ್ತರ ಹೇಳಿದಳು, ಬಣ್ಣ ಹೇಳಿದಳು, ಗಲ್ಲದ ಮಚ್ಚೆ ಹೇಳಿದಳು. ಎಡಗೈ ಹೇಳಲಿಲ್ಲ. ನಾಚಿಕೆ ನೋಡಿ! ಗಂಡನ ಆಣೆ ನೋಡಿ! ಕೋರ್ಟಿನಲ್ಲಿ ಅವನೂ ಹೇಳಿರಲಿಲ್ಲ. ಎಡಗೈಯಲ್ಲಿ ಜನರಿಗೆ ಅನ್ನ ಹಾಕುವವನ ಮಾತನ್ನು ದೊಡ್ಡವರು ನಂಬಿಯಾರೇ ಎಂದು ಹೆದರಿದ್ದ. ಮೊದಲ ಗುರುವಾರವೇ ಅವಳು "ಎಡಗೈಯ ದೋಸೆಯವ" ಎಂದು ಕೇಳಿದ್ದರೆ, ಮೊದಲ ವರ್ಷವೇ ಯಾರಿಗಾದರೂ ನೆನಪಾಗುತ್ತಿತ್ತೋ ಏನೋ. ಇದನ್ನು ನೆನೆದರೆ ನನಗೆ ಈಗಲೂ ಕೈ ಕೈ ಹಿಸುಕಿಕೊಳ್ಳುವಂತಾಗುತ್ತದೆ. ಅವನನ್ನು ಉಳಿಸಬಲ್ಲ ಒಂದೇ ಸಾಕ್ಷಿಯನ್ನು ಅವರಿಬ್ಬರೂ ಸೇರಿ ಅಷ್ಟು ವರ್ಷ ಸೆರಗಿನಡಿ ಮುಚ್ಚಿಟ್ಟಿದ್ದರು.

ಪೂವಪ್ಪ ತನ್ನ ಎಡಗೈಯನ್ನು ಮುಖದೆದುರು ಹಿಡಿದು ನೋಡಿದ. ಶನಿ ಎಂದು ಶಪಿಸಿದ್ದ ಕೈ. ಅದು ಒಂದು ಸಂಜೆ ಸುಮ್ಮನೆ ದೋಸೆ ಸುತ್ತುತ್ತಾ ಗುರುತು ಪರಿಚಯವಿಲ್ಲದ ಮಗುವಿನ ಕಟ್ಟು ಬಿಚ್ಚಿತ್ತು. ಆ ಮಗು ಬೆಳೆದು ಬಂದು ಇವನ ಕಟ್ಟು ಬಿಚ್ಚಿತು. ಎಲ್ಲಿಯ ಪಾರ್ಲೆ, ಎಲ್ಲಿಯ ಜೈಲು! ಇಷ್ಟು ಸಣ್ಣ ನೂಲನ್ನು ಹದಿನಾಲ್ಕು ವರ್ಷ ಹರಿಯದಂತೆ ಯಾರು ಹಿಡಿದಿದ್ದರು? ಅವನು ಮುಂದೆ ಯೋಚಿಸಲಾರದೆ ಹೋದ. ಕಣ್ಣಿನಿಂದ ನೀರು ತಾನಾಗಿ ಇಳಿಯಿತು, ಅದನ್ನು ಮುಚ್ಚಿಡಬೇಕೆಂದು ಅವನಿಗೆ ಅನಿಸಲಿಲ್ಲ.

ಅವನು ಸೌಟನ್ನು ಎಡಗೈಗೆ ತೆಗೆದುಕೊಂಡ.

ಗಾಜಿನಾಚೆ ಹಾಲಿನ ತುಂಬ ಗಿರಾಕಿಗಳಿದ್ದರು. ನೋಡಲಿ. ನೀರು ಚಿಮುಕಿಸಿದ, ಗುಡಿಸಿದ, ಹಿಟ್ಟು ಸುರಿದ. ಆಮೇಲೆ ಕೈ ಅವನನ್ನು ಕೇಳಲೇ ಇಲ್ಲ. ಒಂದು ಸುತ್ತು, ಎರಡು, ಮೂರು, ಎಲ್ಲರದಕ್ಕಿಂತ ಉಲ್ಟಾ. ಅಂಚು ಕೆಂಪಗೆ ಏಳತೊಡಗಿತು. ಸುಕೇಶ್ ಉಸಿರು ಹಿಡಿದವನು "ಯಬ್ಬಾ!" ಎಂದು ಬಿಟ್ಟ. ರೂಪಾಲಿ ಅಲ್ಲೇ ನಿಂತು ಬಿಸಿಬಿಸಿಯಾಗಿ ಮುರಿದು ಎಡಗೈಯಿಂದಲೇ ಬಾಯಿಗಿಟ್ಟಳು, ಸುಟ್ಟುಕೊಂಡಳು, ಕಣ್ಣು ಮುಚ್ಚಿಕೊಂಡು ತಿಂದಳು.

"ಇದೇ ಕಾಕಾ. ಇದೇ ರುಚಿ."

ಸುಕೇಶ್ ಗಲ್ಲೆಯಿಂದ ಮಸ್ಟರ್ ತಂದು ಬಿಡಿಸಿದ. ತವಾ ಎನ್ನುವುದರ ಮುಂದೆ ಆ ದಿನದ ಜಾಗ ಖಾಲಿ ಇತ್ತು. ಪೂವಪ್ಪ ತನ್ನ ಹೆಸರನ್ನು ಪೂರ್ತಿಯಾಗಿ ಬರೆದ, ನಿಧಾನವಾಗಿ. ಗೋಡೆಯ ಮೇಲೆ ಅಣ್ಣು ಶೆಟ್ಟರು ಹಾರ ಹಾಕಿಕೊಂಡು ನೋಡುತ್ತಿದ್ದರು.

ಆಮೇಲೆ ಅವನು ಇನ್ನೊಂದು ದೋಸೆ ಸುತ್ತಿ, ತಟ್ಟೆಗೆ ಹಾಕಿ, ಬಾಗಿಲಿಗೆ ಹತ್ತಿರದ ಮೇಜಿನ ಮೇಲಿಟ್ಟ. ಗಾಜಿನಾಚೆ ಸೇವಂತಿ ರಸ್ತೆಯನ್ನೇ ನೋಡುತ್ತಾ ಕೂತಿದ್ದಳು. ಬರುವವರನ್ನು ನೋಡುವ ಅಭ್ಯಾಸ ಅವಳಿಗೆ ಇನ್ನೂ ಹೋಗಿರಲಿಲ್ಲ. ಪೂವಪ್ಪ ಬಾಗಿಲೆದುರು ಬಂದು ನಿಂತ. ವೇಟರ್ ತೆರೆಯಲು ಓಡಿ ಬಂದ. ಪೂವಪ್ಪ ಅವನನ್ನು ತಡೆದು, ಹಿಡಿಕೆ ಹಿಡಿದು, ತಾನೇ ತಳ್ಳಿದ. ಎಷ್ಟು ಹಗುರವಾಗಿತ್ತು ಅದು!

"ಹೆಸರು ಏರಿತು" ಎಂದ.

ಸೇವಂತಿ ಎದ್ದು ನಿಂತಳು. ಹೊಸ್ತಿಲನ್ನು ನೋಡಿದಳು, ಅವನನ್ನು ನೋಡಿದಳು. ಕಾಲೆತ್ತಲು ಅವಳಿಗೂ ಆಗಲಿಲ್ಲ.

"ಬಾ ಮಾರಾಯ್ತಿ" ಎಂದು ಪೂವಪ್ಪ ಬಾಗಿಲನ್ನು ಅಗಲಕ್ಕೆ ಹಿಡಿದ. "ದೋಸೆ ಆರ್ತದೆ."